ತಪ್ಪಿಲ್ಲವೆಂದು ಸಾಧಿಸುವ ವಿದ್ಯೆ

(ಚಿಮ್ಮನಚೋಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸ ಎಂದರೆ ನಮ್ಮ ಕಡೆ ಶರಣ ಸಾಹಿತ್ಯವೋ ಇತಿಹಾಸವೋ ವಿಷಯವಾಗುವುದು ರೂಢಿ. ಈ ಸಲ ಕಂಪ್ಯೂಟರಿನ ಕುರಿತು ಮಾತಾಡಿರೆಂದು ದತ್ತಿಯ ಹಿರಿಯರು ಕೇಳಿದಾಗ ನನಗೆ ಬಹಳ ಸಂತೋಷವಾಯಿತು. ಕಂಪ್ಯೂಟರ್ ಅಂದಕೂಡಲೇ ಬೆಂಗಳೂರು, ಅಮೆರಿಕ, ಸಂಬಳ ಎಂದು ಮಾತು ಓಡುತ್ತದೆ. ನಾನು ಬೇರೆ ಒಂದು ಪ್ರಶ್ನೆ ಎತ್ತಿಕೊಂಡಿದ್ದೇನೆ. ಮನುಷ್ಯನ ಜೀವ ಅವಲಂಬಿಸಿರುವ ಸಾಫ್ಟ್‌ವೇರನ್ನು ನಾವು ಯಾವ ಆಧಾರದ ಮೇಲೆ ನಂಬಬೇಕು? ಈ ಪ್ರಶ್ನೆಗೆ ತಮ್ಮ ಇಡೀ ವೃತ್ತಿಜೀವನವನ್ನು ಕೊಟ್ಟ ವಿಜ್ಞಾನಿಗಳಿದ್ದಾರೆ. ಅವರಲ್ಲಿ ಪ್ರೊಫೆಸರ್ ಆರ್.ಕೆ. ಶ್ಯಾಮಸುಂದರ್ ನಮ್ಮ ರಾಜ್ಯದ ಊರೊಂದರ ಹೆಸರು ಹೊತ್ತವರು. 'ಆರ್' ಅಂದರೆ ರುದ್ರಪಟ್ಟಣ, ಹಾಸನ ಜಿಲ್ಲೆಯಲ್ಲಿ ಸಂಗೀತಗಾರರಿಗೆ ಹೆಸರಾದ ಊರು. ಅವರ ಕೆಲಸಕ್ಕೆ ಬರುವ ಮುಂಚೆ ನಮ್ಮ ಸೀಮೆಯ ಒಂದು ರೈಲು ಹಳಿಯ ವಿಷಯ ಹೇಳಬೇಕು. ಈ ವಿದ್ಯೆ ಎಷ್ಟು ಹತ್ತಿರದ್ದು ಎಂಬುದು ಅದರಿಂದ ತಿಳಿಯುತ್ತದೆ.

ನಮ್ಮ ತಾಲ್ಲೂಕು ಕೇಂದ್ರ ಚಿಂಚೋಳಿಗೆ ರೈಲಿಲ್ಲ. ಗಾಡಿ ಹಿಡಿಯಬೇಕಾದರೆ ಸೇಡಂಗೆ ಹೋಗುತ್ತೇವೆ, ಇಲ್ಲವೇ ತಾಂಡೂರಿಗೆ. ವಾಡಿ ಜಂಕ್ಷನ್‌ನಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರು, ವಿಕಾರಾಬಾದಿಗೆ ಹೋಗುವ ಆ ಹಳಿಯ ಮೇಲೆ ಸಿಮೆಂಟಿನ ಗೂಡ್ಸ್ ಗಾಡಿಗಳನ್ನು ನೋಡದವರು ಇಲ್ಲಿ ಯಾರೂ ಇಲ್ಲ. ಭಾರತದ ರೈಲುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಕಾಯುವ 'ಕವಚ್' ವ್ಯವಸ್ಥೆಯನ್ನು ಮೊದಮೊದಲು ಪ್ರಯೋಗಿಸಿ ನೋಡಿದ್ದು ಇದೇ ದಾರಿಯಲ್ಲಿ. ಲಿಂಗಂಪಲ್ಲಿ, ವಿಕಾರಾಬಾದ್, ವಾಡಿ ಮತ್ತು ಬೀದರ ನಡುವಿನ ಸುಮಾರು 250 ಕಿಲೋಮೀಟರ್ ಹಳಿ ಅದರ ಪ್ರಯೋಗಶಾಲೆಯಾಯಿತು. ಪ್ರಯಾಣಿಕರ ಗಾಡಿಗಳಲ್ಲಿ ಪರೀಕ್ಷೆ ಆರಂಭವಾದದ್ದು 2016ರ ಫೆಬ್ರುವರಿಯಲ್ಲಿ. 2020ರ ಜುಲೈನಲ್ಲಿ ಇಡೀ ದೇಶಕ್ಕೆ ಇದೇ ವ್ಯವಸ್ಥೆ ಎಂದು ತೀರ್ಮಾನವಾಯಿತು. ದಕ್ಷಿಣ ಮಧ್ಯ ರೈಲ್ವೆಯ 1,465 ಕಿಲೋಮೀಟರ್ ಮಾರ್ಗದಲ್ಲಿ ಮೊದಲು ಅಳವಡಿಕೆಯಾಯಿತು.

ಕವಚ್ ಮಾಡುವ ಕೆಲಸ ಹೇಳುವುದು ಸುಲಭ. ಹಳಿಯ ನಡುವೆ ಸ್ಲೀಪರಿಗೆ ಆರ್‌ಎಫ್‌ಐಡಿ ಟ್ಯಾಗ್ ಕೂರಿಸಿರುತ್ತಾರೆ. ಅದರ ಮೇಲೆ ಹಾದಾಗ ಇಂಜಿನ್‌ಗೆ ತಾನು ಎಲ್ಲಿದ್ದೇನೆಂದು ತಿಳಿಯುತ್ತದೆ. ಇಂಜಿನ್‌ನಲ್ಲೊಂದು ಕಂಪ್ಯೂಟರ್, ಸ್ಟೇಷನ್‌ನಲ್ಲೊಂದು ಕಂಪ್ಯೂಟರ್. ಎರಡೂ ರೇಡಿಯೋದಲ್ಲಿ ಮಾತಾಡಿಕೊಳ್ಳುತ್ತವೆ. ಮುಂದಿನ ಸಿಗ್ನಲ್ ಕೆಂಪಿದ್ದು ಲೋಕೋ ಪೈಲಟ್ ವೇಗ ಇಳಿಸದಿದ್ದರೆ ಕಂಪ್ಯೂಟರೇ ಬ್ರೇಕ್ ಹಾಕುತ್ತದೆ. ಮಂಜು ಕವಿದಿರಲಿ, ಪೈಲಟ್‌ಗೆ ಜೊಂಪು ಹತ್ತಿರಲಿ, ಗಾಡಿ ನಿಲ್ಲಬೇಕು.

ನಿಲ್ಲಬೇಕು ಸರಿ, ನಿಲ್ಲುತ್ತದೆ ಎಂದು ಹೇಗೆ ಗೊತ್ತು? ಕವಚ್‌ಗೆ ನಿಗದಿ ಮಾಡಿರುವ ಸುರಕ್ಷತೆಯ ಮಟ್ಟಕ್ಕೆ ಸಿಲ್-4 ಎನ್ನುತ್ತಾರೆ. ರೈಲು ಕ್ಷೇತ್ರದಲ್ಲಿ ಇದಕ್ಕಿಂತ ಮೇಲಿನ ಮಟ್ಟವಿಲ್ಲ. ಅದರ ಅರ್ಥ, ಅಪಾಯ ತರುವಂಥ ವೈಫಲ್ಯ 10 ಕೋಟಿ ಗಂಟೆಗಳಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು. 10 ಕೋಟಿ ಗಂಟೆ ಅಂದರೆ ಸುಮಾರು 11,400 ವರ್ಷ. ಮಳಖೇಡದಲ್ಲಿ ಅಮೋಘವರ್ಷನ ಆಳ್ವಿಕೆ ಮುಗಿದು ಇನ್ನೂ 1,200 ವರ್ಷ ತುಂಬಿಲ್ಲ. ಓಡಿಸಿ ನೋಡಿ ಇಷ್ಟು ಖಾತ್ರಿ ಪಡೆಯಬೇಕೆಂದರೆ ನೂರು ಯಂತ್ರಗಳನ್ನು ಹಗಲು ರಾತ್ರಿ ಓಡಿಸಿದರೂ 114 ವರ್ಷ ಕಾಯಬೇಕು. ನಾಸಾದಲ್ಲಿ ವಿಮಾನದ ಸಾಫ್ಟ್‌ವೇರ್ ಕುರಿತು ಕೆಲಸ ಮಾಡುತ್ತಿದ್ದ ರಿಕಿ ಬಟ್ಲರ್ ಮತ್ತು ಜಾರ್ಜ್ ಫಿನೆಲ್ಲಿ 1990ರ ದಶಕದ ಆರಂಭದಲ್ಲೇ ಈ ಲೆಕ್ಕ ಹಾಕಿ, ಪರೀಕ್ಷೆಯೊಂದರಿಂದಲೇ ಇಂಥ ಭರವಸೆ ದಕ್ಕದು ಎಂದು ತೋರಿಸಿದರು. ನನ್ನ ಕ್ಷೇತ್ರದಲ್ಲಿ ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

'ಸೇತುವೆಯನ್ನೂ ಹೀಗೇ ಪರೀಕ್ಷೆ ಮಾಡುತ್ತಾರಲ್ಲ' ಎಂದು ನೀವು ಕೇಳಬಹುದು. ಶಹಾಬಾದಿನ ಖಣಿಯಲ್ಲಿ ಕೆಲಸ ಮಾಡಿದವರು ಈ ಸಭೆಯಲ್ಲಿದ್ದರೆ ನಾನು ಹೇಳುವುದು ಬೇಗ ತಿಳಿದೀತು. ಒಂದೇ ಪದರಿನಿಂದ ಎಬ್ಬಿಸಿದ ಫರ್ಸಿಗಳಲ್ಲಿ ಹತ್ತನ್ನು ತಟ್ಟಿ ನೋಡಿದರೆ ಉಳಿದವುಗಳ ಗುಣ ಅಂದಾಜಿಗೆ ಸಿಗುತ್ತದೆ. ಕಲ್ಲಿನ ಗುಣ ಒಂದು ಗೇಣಿನಿಂದ ಇನ್ನೊಂದು ಗೇಣಿಗೆ ತಟ್ಟನೆ ಬದಲಾಗುವುದಿಲ್ಲ. ಹತ್ತು ಟನ್ ಹೊತ್ತ ಸೇತುವೆ ಒಂಬತ್ತು ಟನ್ ಹೊರುತ್ತದೆ ಎಂದು ಪರೀಕ್ಷೆ ಇಲ್ಲದೆಯೇ ಹೇಳಬಹುದು. ಪ್ರೋಗ್ರಾಂಗೆ ಈ ಗುಣ ಇಲ್ಲ. 32,767ರವರೆಗೆ ಸರಿಯಾಗಿ ಎಣಿಸಿದ ಪ್ರೋಗ್ರಾಂ 32,768ಕ್ಕೆ ಬಂದಾಗ ಉತ್ತರವನ್ನು ಋಣಸಂಖ್ಯೆಯಾಗಿ ತಿರುಗಿಸಬಹುದು, ಏಕೆಂದರೆ ಆ ಸಂಖ್ಯೆ ಹದಿನಾರು ಬಿಟ್ಟಿನ ಜಾಗದಲ್ಲಿ ಹಿಡಿಯುವುದಿಲ್ಲ. ಒಂದು ಸಣ್ಣ ಸ್ಟೇಷನ್‌ನಲ್ಲಿ ಸಿಗ್ನಲ್, ಪಾಯಿಂಟ್, ಗೇಟು, ಹಳಿಯ ತುಂಡು ಎಲ್ಲ ಸೇರಿ ಇಪ್ಪತ್ತು ಅಂಶಗಳಿದ್ದು, ಪ್ರತಿಯೊಂದಕ್ಕೂ ಎರಡೇ ಸ್ಥಿತಿ ಎಂದಿಟ್ಟುಕೊಂಡರೂ ಒಟ್ಟು 10,48,576 ಸಂದರ್ಭಗಳಾಗುತ್ತವೆ. ವಾಡಿಯಂಥ ಜಂಕ್ಷನ್‌ಗೆ ನೂರು ಅಂಶ ಹಿಡಿದರೆ ಆ ಸಂಖ್ಯೆಯನ್ನು ಬರೆಯಲು 31 ಅಂಕಿ ಬೇಕು. ಒಂದೊಂದನ್ನೇ ನೋಡಿ ಮುಗಿಸಲು ಯಾರಿಂದಲೂ ಆಗದು.

ಹಾಗಾದರೆ ದಾರಿ ಯಾವುದು? ದಾರಿ ನಿಮ್ಮ ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲಿದೆ ಮಕ್ಕಳೇ. ಪ್ರಮೇಯ ಬರೆಯುವಾಗ ಮೇಷ್ಟ್ರು ಏನು ಬರೆಸುತ್ತಾರೆ? ದತ್ತ, ಸಾಧನೀಯ, ರಚನೆ, ಸಾಧನೆ. ಪೈಥಾಗೊರಸ್ ಪ್ರಮೇಯವನ್ನು ಒಪ್ಪಿಕೊಳ್ಳಲು ನೀವು ಲಕ್ಷ ತ್ರಿಭುಜ ಅಳೆದು ನೋಡಲಿಲ್ಲ. ಒಮ್ಮೆ ಸಾಧಿಸಿದಿರಿ, ಅದು ಎಲ್ಲ ಲಂಬಕೋನ ತ್ರಿಭುಜಗಳಿಗೂ ನಿಂತಿತು. ಪ್ರೋಗ್ರಾಂಗೂ ಇದೇ ಕ್ರಮ. ಬರುವ ಮಾಹಿತಿ ಹೇಗಿರುತ್ತದೆ ಎಂಬುದು ದತ್ತ. ಕೊನೆಗೆ ಏನಾಗಿರಬೇಕು ಎಂಬುದು ಸಾಧನೀಯ. ಪ್ರೋಗ್ರಾಂ ಅಂದರೆ ರಚನೆ. ಈ ದತ್ತದಿಂದ ಹೊರಟು ಈ ರಚನೆಯ ಮೂಲಕ ಆ ಸಾಧನೀಯಕ್ಕೆ ಬಂದೇ ಬರುತ್ತೇವೆ ಎಂದು ತೋರಿಸುವುದು ಸಾಧನೆ. 1949ರಲ್ಲೇ ಅಲನ್ ಟ್ಯೂರಿಂಗ್ ಕೇಂಬ್ರಿಡ್ಜ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ತೆಗೆದುಕೊಂಡು ಅದು ಸರಿ ಎಂದು ಹೀಗೆ ತೋರಿಸಿದ್ದರು. 1967ರಲ್ಲಿ ರಾಬರ್ಟ್ ಫ್ಲಾಯ್ಡ್, 1969ರಲ್ಲಿ ಟೋನಿ ಹೋರ್ ಇದಕ್ಕೆ ನಿಯಮಗಳ ಚೌಕಟ್ಟು ಕಟ್ಟಿದರು. ಈ ಇಡೀ ವಿದ್ಯೆಗೆ ಫಾರ್ಮಲ್ ಮೆಥಡ್ಸ್ ಎಂದು ಹೆಸರು.

ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಒಂದು ಸಾಧನೆಯನ್ನು ಇಲ್ಲೇ ಮಾಡಿ ನೋಡೋಣ. ಒಂದು ಸ್ಟೇಷನ್. ಮೇನ್ ಲೈನಿನಲ್ಲಿ ಒಂದು ಗಾಡಿ, ಲೂಪ್ ಲೈನಿನಲ್ಲಿ ಇನ್ನೊಂದು. ಎರಡೂ ಒಂದೇ ಪಾಯಿಂಟ್ (ಹಳಿಗಳು ಕೂಡುವ ಜಾಗ) ದಾಟಿ ಮುಂದಿನ ಒಂದೇ ಹಳಿಗೆ ಬರಬೇಕು. ಮೇನ್ ಸಿಗ್ನಲ್ ನೋಡಿಕೊಳ್ಳಲು ಪ್ರೋಗ್ರಾಮಿನ ಒಂದು ಭಾಗ, ಲೂಪ್ ಸಿಗ್ನಲ್‌ಗೆ ಇನ್ನೊಂದು ಭಾಗ. ಸಾಧನೀಯ ಇಷ್ಟೇ: ಎರಡು ಸಿಗ್ನಲ್ ಎಂದಿಗೂ ಒಟ್ಟಿಗೆ ಹಸಿರಾಗಬಾರದು. ಸಿಗ್ನಲ್, ಪಾಯಿಂಟ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕುವ ನಿಜವಾದ ವ್ಯವಸ್ಥೆ, ಅಂದರೆ ಇಂಟರ್‌ಲಾಕಿಂಗ್, ಇದಕ್ಕಿಂತ ಬಹಳ ಬಿಗಿ, ತಿಳಿಯಲೆಂದು ಸರಳ ಮಾಡಿದ್ದೇನೆ.

ಹೊಸಬನಾದ ಪ್ರೋಗ್ರಾಮರ್ ಎರಡೂ ಭಾಗಗಳಿಗೆ ಒಂದೇ ನಿಯಮ ಬರೆಯುತ್ತಾನೆ: ಎದುರಿನ ಸಿಗ್ನಲ್ ಕೆಂಪಿದೆಯೇ ನೋಡು, ಕೆಂಪಿದ್ದರೆ ನಿನ್ನದನ್ನು ಹಸಿರು ಮಾಡು. ಕೇಳಲು ಸರಿಯಾಗೇ ಇದೆ. ಸಾವಿರ ಸಲ ಓಡಿಸಿ ನೋಡಿ, ಸಾವಿರ ಸಲವೂ ಪಾಸಾದೀತು. ಒಂದು ದಿನ ಹೀಗಾಗುತ್ತದೆ. ಮೇನ್ ಭಾಗ ನೋಡಿತು, ಲೂಪ್ ಕೆಂಪು. ಅದು ತನ್ನದನ್ನು ಹಸಿರು ಮಾಡುವ ಮುಂಚೆ, ಕಣ್ಣೆವೆ ಇಕ್ಕುವಷ್ಟೂ ಸಮಯವಿಲ್ಲದ ಆ ಸಂದಿನಲ್ಲಿ, ಲೂಪ್ ಭಾಗ ನೋಡಿತು, ಮೇನ್ ಕೆಂಪು. ಈಗ ಮೇನ್ ಹಸಿರಾಯಿತು. ಲೂಪ್ ಕೂಡ ಹಸಿರಾಯಿತು. ಇಬ್ಬರೂ ನಿಯಮ ಮೀರಿಲ್ಲ, ಆದರೂ ಎರಡು ಗಾಡಿಗಳು ಒಂದೇ ಪಾಯಿಂಟ್ ಕಡೆ ಹೊರಟಿವೆ. ಮರುದಿನ ತನಿಖೆಗೆ ಮತ್ತೆ ಓಡಿಸಿ ನೋಡಿದರೆ ತಪ್ಪು ಕಾಣಿಸಿಕೊಳ್ಳುವುದೇ ಇಲ್ಲ.

ನಿಯಮ ಬದಲಿಸೋಣ. ಪ್ರತಿ ಭಾಗವೂ ಮೊದಲು 'ನನಗೆ ದಾರಿ ಬೇಕು' ಎಂದು ಗುರುತು ಹಾಕಬೇಕು. ಆಮೇಲೆ ಎದುರಿನವರ ಗುರುತು ನೋಡಬೇಕು. ಎದುರಿನ ಗುರುತು ಇಲ್ಲದಿದ್ದರೆ ಮಾತ್ರ ಹಸಿರು. ಗಾಡಿ ದಾಟಿ ಸಿಗ್ನಲ್ ಕೆಂಪಾದ ಮೇಲೆಯೇ ಗುರುತು ತೆಗೆಯಬೇಕು. ಈಗ ಸಾಧನೆ. ಎರಡೂ ಹಸಿರಾಗಿವೆ ಎಂದು ಊಹಿಸಿಕೊಳ್ಳಿ. ಹಾಗಾದರೆ ಇಬ್ಬರೂ ಗುರುತು ಹಾಕಿದ್ದಾರೆ, ಇಬ್ಬರಲ್ಲಿ ಒಬ್ಬರು ತಡವಾಗಿ ಹಾಕಿದ್ದಾರೆ. ತಡವಾಗಿ ಹಾಕಿದವರು ತಮ್ಮ ಗುರುತು ಹಾಕಿದ ನಂತರವೇ ಎದುರು ನೋಡಿದ್ದು. ಆ ಹೊತ್ತಿಗೆ ಮೊದಲಿನವರ ಗುರುತು ಅಲ್ಲಿ ಇತ್ತು, ಅವರ ಸಿಗ್ನಲ್ ಇನ್ನೂ ಹಸಿರಾಗೇ ಇರುವುದರಿಂದ ಗುರುತು ತೆಗೆದಿರಲು ಸಾಧ್ಯವಿಲ್ಲ. ಗುರುತು ಕಂಡ ಮೇಲೆ ತಡವಾಗಿ ಬಂದವರು ಹಸಿರು ಮಾಡಲೇ ಆಗದು. ಊಹೆ ತನಗೆ ತಾನೇ ವಿರುದ್ಧವಾಯಿತು. ಆದ್ದರಿಂದ ಎರಡೂ ಒಟ್ಟಿಗೆ ಹಸಿರಾಗುವುದಿಲ್ಲ. ಕೋಟಿ ಸಲ ಓಡಿದರೂ, ಯಾವ ಕ್ಷಣದಲ್ಲಿ ಯಾರು ಮೊದಲು ಬಂದರೂ ಈ ಮಾತು ನಿಲ್ಲುತ್ತದೆ.

ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ತಲೆ ಅಲ್ಲಾಡಿಸುತ್ತಿದ್ದಾಳೆ, ಅವಳಿಗೆ ಹೊಳೆದಿರಬೇಕು. ಇಬ್ಬರೂ ಒಂದೇ ಹೊತ್ತಿಗೆ ಗುರುತು ಹಾಕಿದರೆ? ಇಬ್ಬರೂ ಎದುರಿನ ಗುರುತು ನೋಡಿ ನಿಂತುಬಿಡುತ್ತಾರೆ, ಕೊನೆಯಿಲ್ಲದಂತೆ. ಅಪಘಾತವಾಗದು, ಗಾಡಿಯೂ ಹೊರಡದು. ಕೆಟ್ಟದ್ದು ಎಂದಿಗೂ ಆಗಬಾರದು ಎಂಬುದು ಒಂದು ಸಾಧನೀಯ, ಒಳ್ಳೆಯದು ಎಂದಾದರೂ ಆಗಲೇಬೇಕು ಎಂಬುದು ಬೇರೆಯೇ ಸಾಧನೀಯ. ಈ 'ಎಂದಿಗೂ', 'ಎಂದಾದರೂ'ಗಳನ್ನು ಲೆಕ್ಕಕ್ಕೆ ತರುವ ತರ್ಕವನ್ನು ಇಸ್ರೇಲಿನ ಅಮೀರ್ ಪ್ನುಯೆಲಿ 1977ರಲ್ಲಿ ಪ್ರೋಗ್ರಾಂಗಳಿಗೆ ಅನ್ವಯಿಸಿದರು, ಅದಕ್ಕೆ 1996ರ ಟ್ಯೂರಿಂಗ್ ಪ್ರಶಸ್ತಿ ಬಂತು. ಆ ತರ್ಕದಲ್ಲಿ ಬರೆದದ್ದನ್ನು ಯಂತ್ರವೇ ಎಲ್ಲ ಸ್ಥಿತಿಗಳಲ್ಲೂ ಹುಡುಕಿ ನೋಡುವ ಮಾಡೆಲ್ ಚೆಕಿಂಗ್ ವಿಧಾನಕ್ಕಾಗಿ ಕ್ಲಾರ್ಕ್, ಎಮರ್ಸನ್, ಸಿಫಾಕಿಸ್ ಅವರಿಗೆ 2007ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ನಾವೀಗ ಬಿಡಿಸಿದ ಸಮಸ್ಯೆಗೆ ಇಬ್ಬರೂ ಸಿಕ್ಕಿಬೀಳದಂತೆ ಉತ್ತರ ಕಂಡವರು ಹಾಲೆಂಡಿನ ಡೆಕ್ಕರ್. ಅದನ್ನು ಎಷ್ಟು ಭಾಗಗಳಿದ್ದರೂ ಸಲ್ಲುವಂತೆ ವಿಸ್ತರಿಸಿ 1965ರಲ್ಲಿ ಪ್ರಕಟಿಸಿದವರು ಎಡ್ಸ್‌ಗರ್ ಡೈಕ್‌ಸ್ಟ್ರಾ.

ಡೈಕ್‌ಸ್ಟ್ರಾ ಹೆಸರು ಬಂದರೆ ಶ್ಯಾಮಸುಂದರ್ ಅವರ ಹೆಸರು ಹಿಂದೆಯೇ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಪಿಎಚ್‌.ಡಿ. ಮುಗಿಸಿದ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನೆಲೆಗೊಂಡರು. ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಡೈಕ್‌ಸ್ಟ್ರಾ ಅವರ ಬಳಿ ಕೆಲಸ ಮಾಡಿ ಬಂದರು. ಆಗಿನ ಭಾರತದಲ್ಲಿ ಕಂಪ್ಯೂಟರ್ ಇದ್ದ ಸಂಸ್ಥೆಗಳೇ ಬೆರಳೆಣಿಕೆಯಷ್ಟು, ಅವುಗಳ ಮುಂದೆ ಸರದಿ. ಅಂಥ ಕಾಲದಲ್ಲಿ ಪ್ರೋಗ್ರಾಂ ಓಡಿಸುವುದಕ್ಕಿಂತ ಮುಂಚೆ ಅದು ಸರಿ ಎಂದು ಕಾಗದದ ಮೇಲೆ ಸಾಧಿಸಬೇಕು ಎನ್ನುವ ಶಿಸ್ತನ್ನು ಅವರ ಪೀಳಿಗೆ ಹಿಡಿದುಕೊಂಡಿತು. 1981ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಫ್‌ಎಸ್‌ಟಿಟಿಸಿಎಸ್ ಎಂಬ ಸಮ್ಮೇಳನ ಇಂದಿಗೂ ಪ್ರತಿ ವರ್ಷ ನಡೆಯುತ್ತದೆ. ಸಾಫ್ಟ್‌ವೇರಿನ ತಾತ್ವಿಕ ತಳಹದಿಯನ್ನು ಕುರಿತು ನಮ್ಮ ದೇಶದಲ್ಲಿ ಗಂಭೀರವಾಗಿ ಚರ್ಚೆಯಾಗುವ ಮುಖ್ಯ ವೇದಿಕೆ ಅದು.

ಅವರ ಒಂದು ಕೆಲಸವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಹಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಫ್ರಾನ್ಸಿನ ಗೆರಾರ್ ಬೆರಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಎಸ್ಟೆರೆಲ್ ಎಂಬ ಭಾಷೆ ರೂಪಿಸಿದ್ದರು. ಹೊರಗಿನ ಘಟನೆಗಳಿಗೆ ಸದಾ ಎಚ್ಚರವಾಗಿದ್ದು ಪ್ರತಿಕ್ರಿಯಿಸಬೇಕಾದ ಯಂತ್ರಗಳಿಗೆ ಅದು ಹೇಳಿ ಮಾಡಿಸಿದ ಭಾಷೆ. ಅದರಲ್ಲಿ ಒಂದು ಧೀರ ಕಲ್ಪನೆ ಇದೆ. ಘಟನೆ ನಡೆದ ಕ್ಷಣದಲ್ಲೇ ಉತ್ತರವೂ ಸಿದ್ಧ, ನಡುವೆ ಸಮಯವೇ ಕಳೆಯಲಿಲ್ಲ ಎಂದು ಗಣಿತದಲ್ಲಿ ಹಿಡಿಯುವುದು. ಒಂದೇ ಇಂಜಿನ್ನಿನೊಳಗಿನ ಭಾಗಗಳಿಗೆ ಈ ಕಲ್ಪನೆ ಒಗ್ಗುತ್ತದೆ. ಅಲ್ಲಿ ಎಲ್ಲವೂ ಒಂದೇ ಗಡಿಯಾರದ ತಾಳಕ್ಕೆ ನಡೆಯುತ್ತದೆ. ಆದರೆ ಇಂಜಿನ್ನಿಗೂ ದೂರದ ಸ್ಟೇಷನ್ನಿಗೂ ಒಂದೇ ಗಡಿಯಾರವಿಲ್ಲ. ರೇಡಿಯೋ ಸಂದೇಶ ತಡವಾಗಬಹುದು, ಬಾರದೆಯೂ ಇರಬಹುದು. ಒಳಗೊಂದು ಬಗೆಯ ಕಾಲ, ಹೊರಗೊಂದು ಬಗೆಯ ಕಾಲ. ಬೆರಿ, ಎಸ್. ರಮೇಶ್ ಮತ್ತು ಶ್ಯಾಮಸುಂದರ್ 1993ರಲ್ಲಿ ಪ್ರಕಟಿಸಿದ 'ಕಮ್ಯುನಿಕೇಟಿಂಗ್ ರಿಯಾಕ್ಟಿವ್ ಪ್ರೋಸೆಸಸ್' ಈ ಎರಡು ಬಗೆಯ ಕಾಲವನ್ನು ಒಂದೇ ಚೌಕಟ್ಟಿನಲ್ಲಿ, ತರ್ಕಕ್ಕೆ ಸಿಗುವ ಹಾಗೆ ಕೂಡಿಸಿತು. ಕವಚ್ ಹುಟ್ಟುವುದಕ್ಕೆ ಬಹಳ ಮುಂಚಿನ ಕೆಲಸವಿದು, ಎರಡಕ್ಕೂ ನೇರ ಸಂಬಂಧವಿಲ್ಲ. ಸಮಸ್ಯೆಯ ಆಕಾರ ಮಾತ್ರ ಒಂದೇ, ಅದನ್ನು ಅಷ್ಟು ಹಿಂದೆಯೇ ಸರಿಯಾಗಿ ಗುರುತಿಸಿದ್ದರು. ಮುಂದೆ ಶ್ಯಾಮಸುಂದರ್ ಟಾಟಾ ಸಂಸ್ಥೆಯ ತಂತ್ರಜ್ಞಾನ ಮತ್ತು ಕಂಪ್ಯೂಟರ್ ವಿಜ್ಞಾನ ವಿಭಾಗದ ಮೊದಲ ಡೀನ್ ಆದರು. ನಂತರ ಐಐಟಿ ಬಾಂಬೆಗೆ ಹೋಗಿ, ಗುಟ್ಟಿನ ಮಾಹಿತಿ ಯಾರಿಂದ ಯಾರಿಗೆ ಹರಿಯಬಹುದು, ಯಾರಿಗೆ ಹರಿಯಲೇಬಾರದು ಎಂಬ ಭದ್ರತೆಯ ಪ್ರಶ್ನೆಗೂ ಅದೇ ಸಾಧನೆಯ ಶಿಸ್ತನ್ನು ಹಚ್ಚಿದರು.

ಮಳಖೇಡದ ಪ್ರಸ್ತಾಪ ಆಗಲೇ ಬಂತು. ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದರು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅಷ್ಟು ಹಿಂದೆ ಸ್ಪಷ್ಟವಾಗಿ ಹೇಳಿದ ದೊಡ್ಡ ಗಣಿತಜ್ಞ. ಆ ಗ್ರಂಥದಲ್ಲಿ ಒಂದು ಮಾತಿದೆ, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ. ಸೊನ್ನೆಯಿಂದ ಭಾಗಾಕಾರಕ್ಕೆ ಅರ್ಥವೇ ಇಲ್ಲ. ಅಂಥ ಮೇಧಾವಿಯನ್ನೂ ಎಡವಿಸಿದ ಜಾಗ ಅದು, ಸಾವಿರ ವರ್ಷದ ನಂತರದ ಎಂಜಿನಿಯರುಗಳನ್ನೂ ಬಿಟ್ಟಿಲ್ಲ. 1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ಯುದ್ಧನೌಕೆ ಯಾರ್ಕ್‌ಟೌನ್‌ನಲ್ಲಿ ಒಬ್ಬ ಸಿಬ್ಬಂದಿ ಒಂದು ಖಾನೆಯಲ್ಲಿ ಸೊನ್ನೆ ತುಂಬಿದ. ಪ್ರೋಗ್ರಾಂ ಅದರಿಂದ ಭಾಗಿಸಲು ಹೋಯಿತು, ಹಡಗಿನ ಕಂಪ್ಯೂಟರ್ ಜಾಲ ಕುಸಿಯಿತು, ಚಾಲನೆ ನಿಂತು ಎರಡು ಗಂಟೆಗೂ ಹೆಚ್ಚು ಕಾಲ ಹಡಗು ನೀರಿನ ಮೇಲೆ ಸುಮ್ಮನೆ ತೇಲಿತು.

ಸಾಧನೆಯ ಉಪಕರಣ ಇಂಥಲ್ಲಿ ಮಾಡುವ ಕೆಲಸ ನೋಡಿ. ಪ್ರೋಗ್ರಾಂನಲ್ಲಿ ಎಲ್ಲೆಲ್ಲಿ ಭಾಗಾಕಾರವಿದೆಯೋ ಅಲ್ಲೆಲ್ಲ ಅದು ನಿಂತು ಕೇಳುತ್ತದೆ: ಇಲ್ಲಿ ಭಾಜಕ ಸೊನ್ನೆಯಾಗದು ಎಂಬುದಕ್ಕೆ ಆಧಾರ ಕೊಡಿ. ಆಧಾರ ಸಿಗುವವರೆಗೆ ಮುಂದಕ್ಕೆ ಬಿಡುವುದಿಲ್ಲ. ಪ್ಯಾರಿಸಿನ ಮೆಟ್ರೋದ 14ನೇ ಮಾರ್ಗ 1998ರ ಅಕ್ಟೋಬರಿನಲ್ಲಿ ಚಾಲಕನಿಲ್ಲದೆ ಓಡತೊಡಗಿತು. ಅದರ ಸುರಕ್ಷತೆಯ ಸಾಫ್ಟ್‌ವೇರನ್ನು ಜಾನ್-ರೇಮಂಡ್ ಅಬ್ರಿಯಲ್ ರೂಪಿಸಿದ ಬಿ ಎಂಬ ವಿಧಾನದಲ್ಲಿ ಬರೆದರು. 86,000 ಸಾಲಿನ ಆ ಪ್ರೋಗ್ರಾಂಗೆ ಇಂಥ 27,800 ಪ್ರಶ್ನೆಗಳು ಎದ್ದವು. ಬಹುಪಾಲಿಗೆ ಯಂತ್ರವೇ ಉತ್ತರ ಹುಡುಕಿತು, ಉಳಿದವನ್ನು ಎಂಜಿನಿಯರುಗಳು ಕೂತು ಸಾಧಿಸಿದರು. ಸಾಧನೆ ಮುಗಿದ ಮೇಲೆ ನಡೆದ ಪರೀಕ್ಷೆಗಳಲ್ಲಿ ಆ ಭಾಗದಲ್ಲಿ ಒಂದು ದೋಷವೂ ಸಿಗಲಿಲ್ಲ.

'ಉಪಕರಣ ಹುಡುಕಿತು ಎಂದು ನೀವು ಹೇಳುತ್ತೀರಿ, ನಿಜವಾಗಿ ಹುಡುಕುತ್ತದೆಯೇ?' ಎಂಬ ಅನುಮಾನ ನ್ಯಾಯವಾದದ್ದು. ಇದನ್ನು ಪರೀಕ್ಷಿಸಿದ ಒಂದು ಪ್ರಸಂಗ ನನಗೆ ತುಂಬಾ ಇಷ್ಟ. 1990ರ ದಶಕದಲ್ಲಿ ವಿಮಾನಗಳಿಗೆ ಉಪಕರಣ ಮಾಡುವ ಅಮೆರಿಕದ ರಾಕ್‌ವೆಲ್ ಕಾಲಿನ್ಸ್ ಕಂಪನಿ ತನ್ನ ಎಎಎಂಪಿ-5 ಎಂಬ ಪ್ರೊಸೆಸರನ್ನು ಸಾಧನೆಗೆ ಒಡ್ಡಿತು. ಸುಮಾರು ಐದು ಲಕ್ಷ ಟ್ರಾನ್ಸಿಸ್ಟರಿನ ಚಿಪ್. ಕೆಲಸ ಮಾಡಿದವರಲ್ಲಿ ಮುಖ್ಯರು ಎಸ್‌ಆರ್‌ಐ ಸಂಸ್ಥೆಯಲ್ಲಿದ್ದ ಮಂಡಯಂ ಶ್ರೀವಾಸ್. ಮುಂದೆ ಅವರು ಚೆನ್ನೈ ಗಣಿತ ಸಂಸ್ಥೆಯಲ್ಲಿ ಪಾಠ ಮಾಡಿದರು. ಬಳಸಿದ್ದು ಪಿವಿಎಸ್ ಎಂಬ ಸಾಧನಾ ಉಪಕರಣ, ಅದನ್ನು ಕಟ್ಟಿದ ಮೂವರಲ್ಲಿ ನಟರಾಜನ್ ಶಂಕರ್ ಒಬ್ಬರು. ಕಂಪನಿಯವರು ಚಿಪ್ಪಿನ ಮೈಕ್ರೋಕೋಡಿನಲ್ಲಿ ಬೇಕೆಂದೇ ಎರಡು ತಪ್ಪು ಹುದುಗಿಸಿಟ್ಟರು. ಸಾಧನೆ ನಡೆಸುತ್ತ ಹೋದಂತೆ ಎರಡೂ ಸಿಕ್ಕಿಬಿದ್ದವು. ಯಾರೂ ಹುದುಗಿಸದ, ನಿಜವಾದ ಎರಡು ತಪ್ಪುಗಳೂ ಜೊತೆಗೆ ಹೊರಬಂದವು.

ಬೆಂಗಳೂರಿನಲ್ಲೇ ಇಂಥ ಕೆಲಸ ನಡೆದಿದೆ. ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ದೀಪಕ್ ಡಿಸೋಜ, ಸುಮೇಶ್ ದಿವಾಕರನ್ ಮತ್ತು ಸಂಗಡಿಗರು ಫ್ರೀಆರ್‌ಟಿಓಎಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ತೆಗೆದುಕೊಂಡರು. ಸಣ್ಣ ಯಂತ್ರಗಳ ಒಳಗೆ, ನಮ್ಮ ಕಣ್ಣಿಗೆ ಬೀಳದೆ, ಯಾವ ಕೆಲಸ ಮೊದಲು ಯಾವುದು ಆಮೇಲೆ ಎಂದು ತೀರ್ಮಾನಿಸುವ ಸಾಫ್ಟ್‌ವೇರ್ ಅದು. ಪ್ರಪಂಚದಾದ್ಯಂತ ಬಳಕೆಯಲ್ಲಿದ್ದದ್ದು, ಸಾಕಷ್ಟು ಜನ ನೋಡಿದ್ದದ್ದು. ಆ ಸರದಿ ತೀರ್ಮಾನಿಸುವ ಭಾಗ ಸರಿ ಎಂದು ಸಾಧಿಸಲು ಹೊರಟಾಗ ದೋಷಗಳು ಸಿಕ್ಕವು. ತಿದ್ದಿ, ಪೂರ್ತಿ ಸಾಧಿಸಿ, 2015ರಲ್ಲಿ ಪ್ರಕಟಿಸಿದರು. ಮೈಕ್ರೋಸಾಫ್ಟ್‌ನಲ್ಲಿ ಟಾಮ್ ಬಾಲ್ ಜೊತೆ ಸ್ಲ್ಯಾಮ್ ಯೋಜನೆ ನಡೆಸಿದ ಶ್ರೀರಾಮ್ ರಾಜಮಣಿ ಆಮೇಲೆ ಬೆಂಗಳೂರಿಗೆ ಬಂದು ಆ ಕಂಪನಿಯ ಸಂಶೋಧನಾ ಕೇಂದ್ರದ ಮುಖ್ಯಸ್ಥರಾದರು. ವಿಂಡೋಸ್ ಕಂಪ್ಯೂಟರ್ ಇದ್ದಕ್ಕಿದ್ದಂತೆ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿದ್ದ ಕಾಲ ಇಲ್ಲಿನ ದೊಡ್ಡವರಿಗೆ ನೆನಪಿರಬೇಕು. ಅದಕ್ಕೆ ಹೆಚ್ಚಿನಂಶ ಕಾರಣ ಪ್ರಿಂಟರು, ಮೌಸುಗಳ ಡ್ರೈವರ್ ಪ್ರೋಗ್ರಾಂಗಳು. ಅವುಗಳನ್ನು ತಾನಾಗಿಯೇ ತಪಾಸಣೆ ಮಾಡುವ ಉಪಕರಣ ಸ್ಲ್ಯಾಮ್‌ನಿಂದ ಹುಟ್ಟಿತು, 2011ರಲ್ಲಿ ಅವರಿಬ್ಬರಿಗೂ ಈ ಕ್ಷೇತ್ರದ ಕ್ಯಾವ್ ಪ್ರಶಸ್ತಿ ಬಂತು.

ಇಷ್ಟೆಲ್ಲ ಹೇಳಿದ ಮೇಲೆ ಈ ವಿದ್ಯೆಯ ಗಡಿಯನ್ನೂ ಹೇಳಬೇಕು. ನಾನು ಇಂದು ಮುಖ್ಯವಾಗಿ ಹೇಳಲು ಬಂದಿರುವ ಮಾತು ಇಲ್ಲೇ ಇದೆ. ಸಾಧನೆ ನಿಲ್ಲುವುದು ದತ್ತ ಮತ್ತು ಸಾಧನೀಯದ ಮೇಲೆ. ಇವೆರಡನ್ನು ಬರೆಯುವುದೇ ಕಷ್ಟದ ಕೆಲಸ, ಅದನ್ನು ಯಾವ ಯಂತ್ರವೂ ನಮಗಾಗಿ ಮಾಡಿಕೊಡದು.

2023ರ ಜೂನ್ 2ರ ಸಂಜೆ ಒಡಿಶಾದ ಬಹನಗಾ ಬಜಾರ್ ಸ್ಟೇಷನ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿನ ಹಸಿರು ಸಿಗ್ನಲ್ ಇತ್ತು. ಗಾಡಿ ಹೋದದ್ದು ಗೂಡ್ಸ್ ನಿಂತಿದ್ದ ಲೂಪ್ ಲೈನಿಗೆ. 290ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ತನಿಖೆಯಲ್ಲಿ ಕಂಡದ್ದು ಸಿಗ್ನಲಿಂಗ್ ತಂತಿ ಜೋಡಣೆಯ ಲೋಪ. ಗೇಟಿನ ಬಳಿಯ ಪೆಟ್ಟಿಗೆಯಲ್ಲಿ ರಿಪೇರಿ, ಬದಲಾವಣೆ ಮಾಡುವಾಗ ಆದದ್ದು. ಪಾಯಿಂಟ್ ಮೇನ್ ಲೈನಿಗೆ ಇದೆ ಎಂಬ ಸುಳ್ಳು ಸುದ್ದಿ ಇಂಟರ್‌ಲಾಕಿಂಗ್‌ಗೆ ಹೋಯಿತು. ಅದರ ತರ್ಕ ಆ ಸುದ್ದಿ ನಂಬಿ ಹಸಿರು ಕೊಟ್ಟಿತು. ನಾವು ಆಗ ಮಾಡಿದಂಥ ಸಾಧನೆ ಅಲ್ಲಿ ಇದ್ದಿದ್ದರೂ ಆ ಜನ ಉಳಿಯುತ್ತಿರಲಿಲ್ಲ, ಏಕೆಂದರೆ ದತ್ತವೇ ಸುಳ್ಳಾಗಿತ್ತು. ತಂತಿ ತಪ್ಪಿದ್ದರೆ ಏನು, ಯಾರು ಯಾವಾಗ ಪೆಟ್ಟಿಗೆ ತೆರೆಯುತ್ತಾರೆ, ತೆರೆದ ಮೇಲೆ ಮರುಪರೀಕ್ಷೆ ಆಗುವವರೆಗೆ ಗಾಡಿ ಬಿಡಬಹುದೇ ಎಂಬುದೆಲ್ಲ ಬರಹಕ್ಕೆ ಬರಬೇಕು. ಅದನ್ನು ಬರೆಯಬಲ್ಲವರು ಹಳಿಯ ಮೇಲೆ ಕೆಲಸ ಮಾಡಿದ ಸಿಗ್ನಲ್ ಮೇಂಟೇನರ್, ಪಾಯಿಂಟ್ಸ್‌ಮನ್, ಸ್ಟೇಷನ್ ಮಾಸ್ಟರ್. ಅವರನ್ನು ಕೂರಿಸಿಕೊಂಡು ಕೇಳದ ಕಂಪ್ಯೂಟರ್ ವಿಜ್ಞಾನಿಯ ಸಾಧನೆ ಎಷ್ಟು ಸುಂದರವಾಗಿದ್ದರೂ ಗಾಡಿಯಲ್ಲಿ ಕುಳಿತವರಿಗೆ ಉಪಯೋಗವಿಲ್ಲ.

ನಿಮ್ಮ ಊರಿನದೇ ಸಂಗತಿ ತೆಗೆದುಕೊಳ್ಳಿ. ನಾಗರಾಳ ಜಲಾಶಯ ತುಂಬಿ ಗೇಟು ಎತ್ತಿದರೆ ಮುಲ್ಲಾಮಾರಿ ಉಕ್ಕುತ್ತದೆ, ದಂಡೆಯ ಊರುಗಳಲ್ಲಿ ಸೇತುವೆ ಮುಳುಗುತ್ತದೆ. ಮುಂದೊಂದು ದಿನ ಆ ಗೇಟುಗಳನ್ನು ಕಂಪ್ಯೂಟರೇ ಎತ್ತಬಹುದು. ಆಗ ಸಾಧನೀಯ ಏನು? 'ಊರಿಗೆ ತಿಳಿಸದೆ ನೀರು ಬಿಡಬಾರದು' ಎನ್ನುತ್ತೀರಿ. ಸರಿ. ಎಷ್ಟು ಹೊತ್ತು ಮುಂಚೆ ತಿಳಿಸಬೇಕು? ಎಸ್‌ಎಂಎಸ್ ಕಳಿಸಿದರೆ ತಿಳಿಸಿದ ಹಾಗಾಯಿತೇ? ಮಳೆಗೆ ಕರೆಂಟು ಹೋಗಿ ಮೊಬೈಲ್ ಟವರು ಸತ್ತಿದ್ದರೆ? 'ನೀರ್ ಬಿಡ್ತಾರಂತ, ದನ ಹೊಡ್ಕೊಂಡ್ ಬರ್ರಿ' ಎಂದು ಹೊಲಕ್ಕೆ ಹೋಗಿ ಕೂಗಿದ ಮೇಲಷ್ಟೇ ತಿಳಿಸಿದ ಹಾಗೆಯೇ? ಊರಿಗೆ ತಿಳಿಸಲು ಆಗಲೇ ಇಲ್ಲ, ಇತ್ತ ನೀರು ಕಟ್ಟೆಯ ಮಿತಿ ಮುಟ್ಟಿತು, ಗೇಟು ಎತ್ತದಿದ್ದರೆ ಕಟ್ಟೆಗೇ ಅಪಾಯ. ಆಗ ಯಾವ ನಿಯಮ ಮೇಲು? ಬೆಂಗಳೂರಿನ ಎಂಜಿನಿಯರಿಗೆ ಈ ಕೊನೆಯ ಪ್ರಶ್ನೆ ಹೊಳೆಯಬಹುದು. ಹೊಲಕ್ಕೆ ಹೋಗಿ ಕೂಗುವ ಪ್ರಶ್ನೆ ಹೊಳೆಯುವುದು ನಿಮಗೆ ಮಾತ್ರ.

ಶಹಾಬಾದ್ ಹತ್ತಿರದ ಮರ್ತೂರಿನ ವಿಜ್ಞಾನೇಶ್ವರ ಸುಮಾರು ಒಂಬೈನೂರು ವರ್ಷಗಳ ಹಿಂದೆ ಮಿತಾಕ್ಷರ ಬರೆದು, ವ್ಯಾಜ್ಯದಲ್ಲಿ ಯಾವುದನ್ನು ಪ್ರಮಾಣವೆಂದು ಒಪ್ಪಬೇಕು ಎಂದು ಚರ್ಚಿಸಿದ: ಪತ್ರ, ಅನುಭೋಗ, ಸಾಕ್ಷಿ. ಅದೇ ಪ್ರಶ್ನೆಯನ್ನು ಈಗ ಯಂತ್ರಗಳ ಮುಂದಿಡುವ ಕಾಲ ಬಂದಿದೆ. ಕೃತಕ ಬುದ್ಧಿಮತ್ತೆಯ ಯಂತ್ರಗಳು ಪ್ರೋಗ್ರಾಂಗಳನ್ನು ರಾಶಿ ರಾಶಿಯಾಗಿ ಬರೆದು ಕೊಡುತ್ತಿವೆ. ಬರೆಯುವ ಕೆಲಸ ಅಗ್ಗವಾಗುತ್ತಿದ್ದಂತೆ, ಬರೆದದ್ದು ಸರಿಯೇ ಎಂದು ಸಾಧಿಸಬಲ್ಲವರ ಬೇಡಿಕೆ ಏರುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ನಮ್ಮ ಪದವಿ ಕಾಲೇಜುಗಳಲ್ಲಿ ಬಿಸಿಎ, ಬಿಎಸ್ಸಿ ಓದುವವರಿಗೆ ಮೂರು-ನಾಲ್ಕು ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಾರೆ, ತರ್ಕವನ್ನು ಒಂದು ಘಟಕದಲ್ಲಿ ಮುಗಿಸಿಬಿಡುತ್ತಾರೆ. ಇದು ತಿರುಗುಮುರುಗಾಗಬೇಕು. ಭಾಷೆಗಳು ಬಂದು ಹೋಗುತ್ತವೆ, 1969ರ ಹೋರ್ ನಿಯಮಗಳು ಇಂದಿಗೂ ಹಾಗೇ ಇವೆ.

ಮಕ್ಕಳಿಗೆ ಒಂದೆರಡು ಕೆಲಸದ ಮಾತು. ಈ ಕ್ಷೇತ್ರದ ಹಲವು ಒಳ್ಳೆಯ ಉಪಕರಣಗಳು ಪುಕ್ಕಟೆ ಸಿಗುತ್ತವೆ: ಸ್ಪಿನ್, ಟಿಎಲ್ಎ ಪ್ಲಸ್, ಡ್ಯಾಫ್ನಿ, ಇಸಬೆಲ್. ಕಾಲೇಜಿನ ಲ್ಯಾಬಿನಲ್ಲಿರುವ ಹಳೆಯ ಕಂಪ್ಯೂಟರಿನಲ್ಲೂ ಸ್ಪಿನ್ ಓಡುತ್ತದೆ. ನಾವು ಮಾಡಿದ ಎರಡು ಸಿಗ್ನಲಿನ ಲೆಕ್ಕವನ್ನು ಅದಕ್ಕೆ ಇಪ್ಪತ್ತು ಮೂವತ್ತು ಸಾಲಿನಲ್ಲಿ ಬರೆದು ಕೊಡಿ. ಮೊದಲ ನಿಯಮ ತಪ್ಪೆಂದು ಕ್ಷಣದಲ್ಲಿ ತೋರಿಸುತ್ತದೆ, ತಪ್ಪಾಗುವ ಹೆಜ್ಜೆಗಳನ್ನು ಒಂದೊಂದಾಗಿ ಬರೆದೂ ಕೊಡುತ್ತದೆ. ಎರಡನೇ ನಿಯಮದಲ್ಲಿ ಇಬ್ಬರೂ ಸಿಕ್ಕಿಬೀಳುವುದನ್ನೂ ಅದೇ ಹಿಡಿಯುತ್ತದೆ. ಅದನ್ನು ಬಿಡಿಸಲು ಡೆಕ್ಕರ್ ಏನು ಮಾಡಿದರೆಂದು ನಾನು ಬೇಕೆಂದೇ ಹೇಳಿಲ್ಲ. ಮೊದಲು ನೀವೇ ಪ್ರಯತ್ನಿಸಿ. ನಾಗರಾಳದ ಗೇಟಿನ ನಿಯಮವನ್ನು ಕನ್ನಡದಲ್ಲೇ, ನಿಮ್ಮ ಮನೆಯ ಹಿರಿಯರನ್ನು ಕೇಳಿ, ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಹೇಳಿದವರ ಹೆಸರು ಇರಲಿ. ನಾಳೆ ಮಧ್ಯಾಹ್ನದವರೆಗೆ ನಾನು ಊರಿನಲ್ಲೇ ಇರುತ್ತೇನೆ. ಹಾಳೆ ತಂದವರ ಜೊತೆ ಕೂತು, ಅದರಲ್ಲಿ ದತ್ತ ಯಾವುದು, ಸಾಧನೀಯ ಯಾವುದು ಎಂದು ಬೇರ್ಪಡಿಸೋಣ.